ಮೊದಲ ಸಾಲಿನಲ್ಲಿ ಕುಳಿತರೂ ನಾಟಕದ ಮಾತು ತಿಳಿಯುವುದಿಲ್ಲವೇಕೆ?

ಪ್ರಶ್ನೆ: ನನ್ನ ತಾಯಿಗೆ 72 ವರ್ಷ. ಅರಕಲಗೂಡಿನ ಕಡೆಯ ಹಳ್ಳಿಯಲ್ಲಿ ಬೆಳೆದವರು. ರಾತ್ರಿಯಿಡೀ ಪೌರಾಣಿಕ ನಾಟಕ ನೋಡಿ, ಬೆಳಗಿನ ಜಾವ ಮನೆಗೆ ಬಂದು ಹಾಗೆಯೇ ಹಾಲು ಕರೆಯಲು ಕೂರುತ್ತಿದ್ದರಂತೆ. ಈಗ ಹಾಸನದಲ್ಲಿ ನಮ್ಮ ಜೊತೆಗಿದ್ದಾರೆ. ಎರಡು ವರ್ಷದಿಂದ ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಕೊಳ್ಳುತ್ತಾರೆ, ಮನೆಯಲ್ಲಿ ಏನೂ ತೊಂದರೆಯಿಲ್ಲ. ಕಳೆದ ತಿಂಗಳು ಇಲ್ಲಿನ ಒಂದು ಸಣ್ಣ ರಂಗಮಂದಿರಕ್ಕೆ ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲೇ ಕೂರಿಸಿದೆ. ಹೊರಗೆ ಬಂದ ಮೇಲೆ ‘ಹಾಡು ಕೇಳಿತು, ಮಾತು ತಿಳಿಯಲಿಲ್ಲ’ ಎಂದರು. ನಾಟಕ ನಡೆಯುವಾಗ ಜನ ನಕ್ಕಾಗಲೆಲ್ಲ ನನ್ನ ಮುಖ ನೋಡಿ ತಾವೂ ನಗುತ್ತಿದ್ದರು. ಈಗ ‘ನಾನು ಬರುವುದಿಲ್ಲ, ನೀವು ಹೋಗಿ ಬನ್ನಿ’ ಎನ್ನುತ್ತಾರೆ. ಮೆಷಿನ್ನಿನ ಸದ್ದು ಹೆಚ್ಚು ಮಾಡಿಸಬೇಕೆ? ನಾಟಕದ ಸ್ಪೀಕರ್‌ಗಳಿಂದ ಉಳಿದ ಕಿವಿಯೂ ಹಾಳಾಗುವುದೆ? ಪಕ್ಕದ ಮನೆಯವರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಿ ಎನ್ನುತ್ತಾರೆ. ತಮ್ಮನದು ಒಂದೇ ಮಾತು: ‘ಮನೆಯಲ್ಲೇ ಯೂಟ್ಯೂಬ್‌ನಲ್ಲಿ ನೋಡಲಿ ಬಿಡು’. ಏನು ಮಾಡಲಿ?

ಉತ್ತರ: ಕೇಳಿರುವ ಪ್ರಶ್ನೆಗಳು ಮೂರು ನಾಲ್ಕಿದ್ದರೂ ನಿಮ್ಮ ಮನಸ್ಸಿನಲ್ಲಿರುವುದು ಒಂದೇ ಎಂದು ನನಗೆ ಅನ್ನಿಸುತ್ತದೆ: ಅಮ್ಮನನ್ನು ನಾಟಕಕ್ಕೆ ಕರೆದುಕೊಂಡು ಹೋಗುವುದನ್ನು ಇನ್ನು ಬಿಟ್ಟುಬಿಡಬೇಕೇ ಎಂಬುದು. ಬಿಡಬೇಡಿ. ಅವರ ತೊಂದರೆಯಲ್ಲಿ ಕಿವಿಯ ಪಾಲು ಅರ್ಧವಾದರೆ ಉಳಿದರ್ಧ ಆ ಮಂದಿರದ ಗೋಡೆಗಳದು, ಮತ್ತು ಬೇಸರಿಸಿಕೊಳ್ಳಬೇಡಿ, ನೀವು ಕೂರಿಸಿದ ಜಾಗದ್ದು.

ನಾನು ಶ್ರವಣ ತಜ್ಞ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ಜಿಲ್ಲೆಯಲ್ಲಿ ಜನರ ಕಿವಿ ಪರೀಕ್ಷಿಸುತ್ತಿದ್ದೇನೆ. ತಂದೆ ಹಳ್ಳಿಯ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದವರು, ಆದ್ದರಿಂದ ಈ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆ.

ನಿಮ್ಮ ತಾಯಿ ಹೇಳಿದ ಮಾತಿನಿಂದಲೇ ಶುರು ಮಾಡೋಣ. ‘ಹಾಡು ಕೇಳಿತು, ಮಾತು ತಿಳಿಯಲಿಲ್ಲ.’ ಯಂತ್ರವಿಟ್ಟು ಅರ್ಧ ಗಂಟೆ ಪರೀಕ್ಷೆ ಮಾಡಿ ನಾನು ಬರೆಯುವ ವರದಿಯನ್ನು ಅವರು ನಾಲ್ಕು ಪದಗಳಲ್ಲಿ ಮುಗಿಸಿದ್ದಾರೆ. ವಯಸ್ಸಾದಂತೆ ಕಿವಿ ಎಲ್ಲ ಸ್ವರಗಳಿಗೂ ಒಂದೇ ಸಮನೆ ಮಂದವಾಗುವುದಿಲ್ಲ. ಒಳಗಿವಿಯ ಶಂಖದಲ್ಲಿರುವ ಸೂಕ್ಷ್ಮ ರೋಮಕೋಶಗಳ ಪೈಕಿ ಮೊದಲು ಸವೆಯುವುದು ಶಂಖದ ಬಾಯಿಯ ಬಳಿ ಇರುವವು, ಅಂದರೆ ಎತ್ತರದ ಸ್ವರಗಳನ್ನು ಹಿಡಿಯುವವು. 2000 ಹರ್ಟ್ಸ್‌ಗಿಂತ ಮೇಲಿನದು ಮೊದಲು ಹೋಗುತ್ತದೆ, ಕೆಳಗಿನದು ಬಹುಕಾಲ ಉಳಿಯುತ್ತದೆ. ಮಾತಿನಲ್ಲಿ ಅ, ಆ, ಓ ಮುಂತಾದ ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಭಾಗದಲ್ಲಿದೆ. ಸ, ಶ, ತ, ಚ, ಕ ಇಂತಹ ವ್ಯಂಜನಗಳು ಮೇಲಿನ ಭಾಗದಲ್ಲಿವೆ, ಅವುಗಳ ಸದ್ದೂ ಸಣ್ಣದು. ‘ಸ’ ಎಂಬುದು ಬರಿಯ ಗಾಳಿಯ ಸುಯ್ಯೆನ್ನುವಿಕೆ. ಹಾಗಾಗಿ ಮಾತಿನ ಸದ್ದು ಕಿವಿ ತಲುಪುತ್ತದೆ, ಅದರ ಅಂಚು ತಲುಪುವುದಿಲ್ಲ. ವೇದಿಕೆಯ ಮೇಲೆ ನಟಿ ‘ಪತಿ’ ಎಂದಳೋ, ‘ಸತಿ’ ಎಂದಳೋ, ‘ಗತಿ’ ಎಂದಳೋ, ‘ಮತಿ’ ಎಂದಳೋ? ನಾಲ್ಕರಲ್ಲೂ ಸ್ವರ ಒಂದೇ. ಪೌರಾಣಿಕ ನಾಟಕದಲ್ಲಿ ನಾಲ್ಕೂ ಒಂದೇ ಸಂಭಾಷಣೆಯಲ್ಲಿ ಬರುವುದೂ ಉಂಟು.

ಹಾಡು ಏಕೆ ಕೇಳಿತು? ಹಾಡುವವನು ಸ್ವರವನ್ನು ಎಳೆಯುತ್ತಾನೆ. ಒಂದು ‘ಆ’ಕಾರದ ಮೇಲೆ ಅರ್ಧ ನಿಮಿಷ ನಿಲ್ಲುತ್ತಾನೆ. ನಿಮ್ಮ ತಾಯಿಗೆ ಚೆನ್ನಾಗಿ ಉಳಿದಿರುವ ಭಾಗದಲ್ಲೇ ಅವನ ಸಂಚಾರ. ಜೊತೆಗೆ ರಂಗಗೀತೆಯ ಸಾಹಿತ್ಯ ಅವರಿಗೆ ಬಾಲ್ಯದಿಂದ ಬಾಯಿಪಾಠ, ಕೇಳಿಸದ ಅಕ್ಷರವನ್ನು ನೆನಪೇ ತುಂಬಿಕೊಡುತ್ತದೆ.

ಈಗ ಗೋಡೆಯ ಕಥೆ. ಅವರು ಹಳ್ಳಿಯಲ್ಲಿ ಬಯಲಿನಲ್ಲಿ ಚಾಪೆ ಹಾಕಿಕೊಂಡು ನಾಟಕ ನೋಡಿದವರು. ಬಯಲಿಗೆ ಗೋಡೆಯಿಲ್ಲ. ನಟನ ಮಾತು ಒಮ್ಮೆ ಬಂದು ಕಿವಿ ದಾಟಿ ಹೊಲದ ಮೇಲೆ ಹೋಗಿಬಿಡುತ್ತದೆ, ತಿರುಗಿ ಬರುವುದಿಲ್ಲ. ಸಣ್ಣ ರಂಗಮಂದಿರದಲ್ಲಿ ಹಾಗಲ್ಲ. ಸಿಮೆಂಟಿನ ನುಣ್ಣನೆಯ ಗೋಡೆ, ಗ್ರಾನೈಟ್ ನೆಲ, ಪ್ಲಾಸ್ಟಿಕ್ ಕುರ್ಚಿ, ಮೇಲೆ ಶೀಟು. ಸದ್ದನ್ನು ಹೀರಿಕೊಳ್ಳುವ ಒಂದು ವಸ್ತುವೂ ಅಲ್ಲಿಲ್ಲ. ಲೆಕ್ಕ ಹಾಕಿ ನೋಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹಿಂದಿನ ಗೋಡೆ 20 ಮೀಟರ್ ದೂರವಿದ್ದರೆ ಹೋಗಿ ಬರಲು 40 ಮೀಟರ್, ಅಂದರೆ ಸೆಕೆಂಡಿನ ಎಂಟನೆಯ ಒಂದು ಭಾಗ. ನಾವು ಸಾಮಾನ್ಯವಾಗಿ ಸೆಕೆಂಡಿಗೆ ನಾಲ್ಕೈದು ಅಕ್ಷರ ಮಾತನಾಡುತ್ತೇವೆ. ನಟ ಒಂದು ಅಕ್ಷರವನ್ನು ಪೂರ್ತಿ ಮುಗಿಸುವ ಮೊದಲೇ ಅದರ ಮೊದಲರ್ಧ ಹಿಂದಿನಿಂದ ತಿರುಗಿ ಬಂದು ಅದರ ಮೇಲೆಯೇ ಬೀಳುತ್ತದೆ. ಚೆನ್ನಾಗಿರುವ ಕಿವಿ, ಅದರ ಹಿಂದಿನ ಮಿದುಳು ಈ ಎರಡನೆಯದನ್ನು ಬದಿಗೆ ಸರಿಸುತ್ತವೆ. ಮಂದವಾದ ಕಿವಿಗೆ ಅದು ಕಷ್ಟ. ಬಲವಾದ ಸ್ವರಗಳ ಗುಂಯ್‌ಗುಡುವಿಕೆ ಅಲ್ಲೇ ತೇಲುತ್ತಾ ಮುಂದಿನ ‘ತ’ವನ್ನೋ ‘ಕ’ವನ್ನೋ ಮುಚ್ಚಿಹಾಕುತ್ತದೆ.

ಸಂಗೀತಕ್ಕೆ ಈ ಗುಂಗು ಬೇಕು, ಮಾತಿಗೆ ಬೇಡ. ಸದ್ದು ಪೂರ್ತಿ ಅಡಗಲು ಹಿಡಿಯುವ ಕಾಲ ಮಾತಿಗಾದರೆ ಒಂದು ಸೆಕೆಂಡಿನ ಒಳಗಿರಬೇಕು, ಸಂಗೀತಕ್ಕೆ ಒಂದೂವರೆಯಿಂದ ಎರಡು ಇದ್ದರೂ ಚೆಂದವೇ. ಮದುವೆಗೂ ಸಭೆಗೂ ನಾಟಕಕ್ಕೂ ಒಂದೇ ಕಟ್ಟಡ ಕಟ್ಟುವ ನಮ್ಮ ಊರುಗಳಲ್ಲಿ ಈ ಲೆಕ್ಕವನ್ನು ಯಾರು ಕೇಳುತ್ತಾರೆ?

ಇದಕ್ಕೆ ಒಂದು ಸುಲಭ ಔಷಧ ಜನರೇ. ತುಂಬಿದ ಸಭಾಂಗಣದಲ್ಲಿ ಮನುಷ್ಯರ ಮೈ, ಬಟ್ಟೆ, ಶಾಲು, ಸ್ವೆಟರ್ ಸದ್ದನ್ನು ಹೀರಿಕೊಳ್ಳುತ್ತವೆ. ಜನ ಕಡಿಮೆ ಇರುವ ದಿನ ಹೋದರೆ ಅಮ್ಮನಿಗೆ ಚೆನ್ನಾಗಿ ಕೇಳಿಸೀತು ಎಂದು ಎಣಿಸುವುದು ತಪ್ಪು. ಖಾಲಿ ಮಂದಿರದಲ್ಲಿ ಮಾತು ಇನ್ನಷ್ಟು ಕಲಸುತ್ತದೆ. ಜನ ತುಂಬುವ ದಿನವೇ ಹೋಗಿ, ಆದರೆ ಅರ್ಧ ಗಂಟೆ ಮೊದಲೇ ಹೋಗಿ, ಏಕೆಂದರೆ ಜಾಗ ನೀವು ಆರಿಸಬೇಕು.

ಜಾಗ ಎಂದರೆ ಮೊದಲ ಸಾಲು ಖಂಡಿತ ಅಲ್ಲ. ಇದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ತಂದೆಗೆ ಕಿವಿ ಮಂದವಾದ ಹೊಸದರಲ್ಲಿ ಗಣ್ಯರಿಗೆಂದು ಇಟ್ಟಿದ್ದ ಸೋಫಾದ ಮೇಲೆ ಅವರನ್ನು ಕೂರಿಸಿ ಹೆಮ್ಮೆಪಟ್ಟೆ. ಮಧ್ಯಂತರದಲ್ಲಿ ‘ಆ ತಬಲದವನನ್ನು ಸ್ವಲ್ಪ ದೂರ ಕೂರಲು ಹೇಳು’ ಎಂದರು. ಸಂಗೀತ ನಾಟಕದಲ್ಲಿ ಹಾರ್ಮೋನಿಯಂ, ತಬಲದವರು ಕೂರುವುದು ವೇದಿಕೆಯ ಕೆಳಗೆ ಅಥವಾ ಪಕ್ಕಕ್ಕೆ, ಮೊದಲ ಸಾಲಿಗೆ ತೀರಾ ಹತ್ತಿರ. ಸ್ಪೀಕರ್ ಪೆಟ್ಟಿಗೆಗಳು ವೇದಿಕೆಯ ಎರಡು ಮೂಲೆಗಳಲ್ಲಿ ಹಿಂದಿನ ಸಾಲಿಗೆ ಮುಖ ಮಾಡಿ ನಿಂತಿರುತ್ತವೆ. ಮೊದಲ ಸಾಲಿನ ನಡುವೆ ಕುಳಿತವರಿಗೆ ಅವುಗಳ ನೇರ ಸದ್ದು ಸರಿಯಾಗಿ ಸಿಗುವುದಿಲ್ಲ, ಹಿಂದಿನ ಗೋಡೆಗೆ ಬಡಿದು ಬಂದದ್ದು ಸಿಗುತ್ತದೆ. ಅದರ ಮೇಲೆ ಕತ್ತೆತ್ತಿ ನಟನ ಗಲ್ಲ ನೋಡಬೇಕು.

ಮೂರರಿಂದ ಆರನೆಯ ಸಾಲು, ನಡುಭಾಗ. ಒಂದು ಕಿವಿ ಇನ್ನೊಂದಕ್ಕಿಂತ ಚೆನ್ನಾಗಿದ್ದರೆ ಆ ಕಿವಿ ವೇದಿಕೆಯ ಕಡೆಗಿರುವಂತೆ ನಡುವಿನಿಂದ ಸ್ವಲ್ಪ ಸರಿಯಿರಿ. ಬಾಲ್ಕನಿಯ ಅಡಿ ಬೇಡ, ಬಾಗಿಲ ಬಳಿ ಬೇಡ, ಗೋಡೆಯ ಫ್ಯಾನಿನ ಪಕ್ಕ ಬೇಡವೇ ಬೇಡ. ಫ್ಯಾನಿನ ಗಾಳಿ ಸಾಧನದ ಮೈಕಿಗೆ ನೇರವಾಗಿ ಬಡಿದರೆ ಅಮ್ಮನಿಗೆ ಸಕಲೇಶಪುರದ ಘಾಟಿಯಲ್ಲಿ ಬಸ್ಸಿನ ಕಿಟಕಿ ತೆರೆದಂತೆ ಕೇಳುತ್ತದೆ.

ಮುಖ ಕಾಣಬೇಕು ಎಂಬುದನ್ನು ಸಣ್ಣ ಮಾತೆಂದು ತಳ್ಳಬೇಡಿ. ಕಿವಿ ಮಂದವಾದವರು ತಮಗೆ ಅರಿವಿಲ್ಲದೆಯೇ ತುಟಿ ಓದಲು ಕಲಿತಿರುತ್ತಾರೆ. ಮನೆಯಲ್ಲಿ ನಿಮ್ಮ ತಾಯಿಗೆ ತೊಂದರೆಯಿಲ್ಲದಿರುವುದಕ್ಕೆ ಸಾಧನದ ಜೊತೆಗೆ ಇದೂ ಕಾರಣ. ‘ಪ’ ಮತ್ತು ‘ತ’ ಕಿವಿಗೆ ಬೆರೆತುಹೋದರೂ ಕಣ್ಣಿಗೆ ಬೆರೆಯುವುದಿಲ್ಲ, ‘ಪ’ಕ್ಕೆ ತುಟಿ ಕೂಡಲೇಬೇಕು. ಆದರೆ ಪೌರಾಣಿಕ ನಾಟಕದಲ್ಲಿ ನಟರು ಸರದಿಯಂತೆ ಸ್ಟ್ಯಾಂಡ್ ಮೈಕಿನ ಮುಂದೆ ಬಂದು ನಿಲ್ಲುತ್ತಾರೆ, ಮೈಕ್ ಸರಿಯಾಗಿ ಬಾಯಿಗೆ ಅಡ್ಡ. ಎದುರಿನ ಕುರ್ಚಿಗಿಂತ ಎರಡು ಕುರ್ಚಿ ಬದಿಗೆ ಕುಳಿತರೆ ಬಾಯಿ ಕಾಣುತ್ತದೆ. ಮೀಸೆಗೆ ಮಾತ್ರ ನನ್ನ ಬಳಿ ಉಪಾಯವಿಲ್ಲ. ‘ಭೀಮನ ಮೀಸೆ ಅರ್ಧ ಮಾತು ನುಂಗಿತು’ ಎಂದು ತಂದೆ ದೂರುತ್ತಿದ್ದರು. ಅಂಟಿಸಿದ ಮೀಸೆ ಮೇಲ್ದುಟಿಯ ಮೇಲೆ ಜೋತುಬಿದ್ದರೆ ಮೂರನೆಯ ಸಾಲೂ ಒಂದೇ, ಮೂವತ್ತನೆಯ ಸಾಲೂ ಒಂದೇ.

ಮೆಷಿನ್ನಿನ ಸದ್ದು ಹೆಚ್ಚಿಸಬೇಕೆ ಎಂದು ಕೇಳಿದ್ದೀರಿ. ನೀವೇ ಹೆಚ್ಚಿಸಬೇಡಿ. ಒಟ್ಟಾರೆ ಸದ್ದು ಏರಿಸಿದರೆ ಈಗಾಗಲೇ ಕೇಳುತ್ತಿರುವ ತಬಲ ಇನ್ನೂ ಜೋರಾಗುತ್ತದೆ, ಗುಂಯ್‌ಗುಡುವಿಕೆಯೂ ಏರುತ್ತದೆ, ಕೇಳದ ‘ಸ’ಕಾರಕ್ಕೆ ದೊರೆಯುವ ಲಾಭ ಅಲ್ಪ. ಇನ್ನೊಂದು ತೊಡಕಿದೆ. ಮೆಲ್ಲಗೆ ಕರೆದರೆ ‘ಏನು?’ ಎನ್ನುವ, ತುಸು ಏರಿಸಿ ಕರೆದರೆ ‘ಯಾಕೆ ಕಿರುಚುತ್ತೀ?’ ಎನ್ನುವ ಹಿರಿಯರು ಎಲ್ಲರ ಮನೆಯಲ್ಲೂ ಇದ್ದಾರೆ. ಅದು ಹಟವೂ ಅಲ್ಲ, ‘ಬೇಕಾದದ್ದು ಮಾತ್ರ ಕೇಳುತ್ತದೆ’ ಎಂಬ ನಾಟಕವೂ ಅಲ್ಲ. ಒಳಗಿವಿಯ ಕೋಶಗಳು ಸವೆದಾಗ ಕೇಳುವ ಮಟ್ಟಕ್ಕೂ ಕಿರಿಕಿರಿಯಾಗುವ ಮಟ್ಟಕ್ಕೂ ನಡುವಿನ ಅಂತರ ಕಿರಿದಾಗುತ್ತದೆ. ಆ ಇಕ್ಕಟ್ಟಿನ ಓಣಿಯಲ್ಲಿ ಸದ್ದನ್ನು ನಡೆಸಬೇಕಾದ್ದು ತಜ್ಞರ ಕೆಲಸ.

ಅವರ ಬಳಿ ಹೋಗಿ ನೀವು ಕೇಳಬೇಕಾದದ್ದು ‘ನಾಟಕಕ್ಕೆಂದು ಬೇರೆ ಪ್ರೋಗ್ರಾಂ ಹಾಕಿಕೊಡಿ’ ಎಂದು. ಇಂದಿನ ಡಿಜಿಟಲ್ ಸಾಧನಗಳಲ್ಲಿ ಎರಡು ಮೂರು ಪ್ರೋಗ್ರಾಂ ಇಡಬಹುದು, ಗುಂಡಿ ಒತ್ತಿ ಬದಲಿಸಬಹುದು. ಮನೆಗೆಂದು ಹಾಕಿದ್ದು ಒಂದೆರಡು ಮೀಟರ್ ಎದುರಿಗೆ ಕುಳಿತವರ ಮಾತಿಗೆ ಹೊಂದಿಸಿರುವುದು. ಅದು ನಿರಂತರವಾದ ಸದ್ದನ್ನು ಗದ್ದಲವೆಂದು ತಿಳಿದು ಅದುಮುತ್ತದೆ, ಎಳೆದ ಸ್ವರವನ್ನು ತನ್ನದೇ ಸಿಳ್ಳೆಯೆಂದು ಬಗೆದು ಕತ್ತರಿಸಲು ಹೋಗುತ್ತದೆ. ಹಾರ್ಮೋನಿಯಂ ಶ್ರುತಿ ಮತ್ತು ನಟನ ಆಲಾಪ ಎರಡೂ ಈ ತಪ್ಪು ತಿಳಿವಳಿಕೆಗೆ ಬಲಿ. ‘ಹಾರ್ಮೋನಿಯಂ ನಡುಗಿದ ಹಾಗೆ ಕೇಳುತ್ತದೆ’ ಎಂದು ಅಮ್ಮ ಹೇಳಿದರೆ ಕಾರಣ ಇದು. ಹಾಡು ಹೆಚ್ಚಿರುವ ನಾಟಕಕ್ಕೆ ಸಂಗೀತದ ಪ್ರೋಗ್ರಾಂ, ಮಾತು ಹೆಚ್ಚಿರುವುದಕ್ಕೆ ಮುಂದಿನಿಂದ ಬರುವ ಸದ್ದನ್ನಷ್ಟೇ ಹಿಡಿಯುವ ಪ್ರೋಗ್ರಾಂ. ಎರಡಕ್ಕೂ ಬೆಲೆಯಿದೆ: ಮೊದಲನೆಯದರಲ್ಲಿ ಸಾಧನ ಸಿಳ್ಳೆ ಹಾಕುವ ಸಂಭವ ಹೆಚ್ಚು, ಎರಡನೆಯದರಲ್ಲಿ ಪಕ್ಕದಲ್ಲಿ ಕುಳಿತ ನೀವು ಪಿಸುಗುಟ್ಟಿದ್ದು ಅವರಿಗೆ ಸರಿಯಾಗಿ ಕೇಳುವುದಿಲ್ಲ. ಪಿಸುಗುಟ್ಟದಿದ್ದರೆ ಹಿಂದಿನ ಸಾಲಿನವರಿಗೂ ಒಳ್ಳೆಯದು.

ಇದಕ್ಕಿಂತ ಮೇಲಿನ ಉಪಾಯವೆಂದರೆ ಸಾಧನಕ್ಕೆ ನಿಸ್ತಂತು ಮೈಕ್ ಜೋಡಿಸುವುದು. ಬೆರಳುದ್ದದ ಒಂದು ಡಬ್ಬಿಯನ್ನು ಧ್ವನಿವರ್ಧಕದವರ ಮಿಕ್ಸರ್‌ಗೆ ತಂತಿಯಿಂದ ಸೇರಿಸಿದರೆ ನಟರ ಮೈಕಿನ ಸದ್ದು ಗೋಡೆಯ ಗೊಡವೆಯಿಲ್ಲದೆ ನೇರವಾಗಿ ಅಮ್ಮನ ಕಿವಿಗೆ ಬರುತ್ತದೆ. ಸಣ್ಣ ಮಂದಿರದಲ್ಲಿ ಇದು ಸಾಧ್ಯವಾಗುವುದೇ ಅದು ಸಣ್ಣದು ಎಂಬ ಕಾರಣಕ್ಕೆ: ಮಿಕ್ಸರ್ ಮುಂದೆ ಕುಳಿತವರು ಹುಡುಗರು, ಮೊದಲೇ ಹೋಗಿ ವಿಷಯ ಹೇಳಿದರೆ ಇಲ್ಲವೆನ್ನುವುದಿಲ್ಲ. ತೊಂದರೆಗಳೂ ಇವೆ. ಡಬ್ಬಿ ದುಬಾರಿ, ಸಾಮಾನ್ಯವಾಗಿ ಸಾಧನದ ಕಂಪನಿಯದೇ ಆಗಬೇಕು. ಮೈಕಿನಿಂದ ದೂರ ನಿಂತು ಆಡಿದ ಮಾತು ಅದರಲ್ಲಿ ಬರುವುದಿಲ್ಲ. ಕೆಲವು ಬ್ಲೂಟೂತ್ ಡಬ್ಬಿಗಳಲ್ಲಿ ಸದ್ದು ತುಟಿಗಿಂತ ಒಂದಿಷ್ಟು ಹಿಂದೆ ಬೀಳುತ್ತದೆ. ಕೊಳ್ಳುವ ಮೊದಲು ಒಂದು ಸಂಜೆಗೆ ಎರವಲು ಕೇಳಿ ನೋಡಿ. ವಿದೇಶದ ರಂಗಮಂದಿರಗಳಲ್ಲಿ ನೆಲದಡಿ ತಂತಿಯ ಸುರುಳಿ ಹಾಕಿ ಸಾಧನದ ‘ಟಿ’ ಗುಂಡಿಗೆ ಸದ್ದು ಕಳಿಸುತ್ತಾರೆ. ಇಲ್ಲಿನ ಸಣ್ಣ ಮಂದಿರಗಳಲ್ಲಿ ಅದನ್ನು ನಾನು ಕಂಡಿಲ್ಲ.

ಆನ್‌ಲೈನಿನಲ್ಲಿ ಸಾವಿರ ಎರಡು ಸಾವಿರಕ್ಕೆ ಸಿಗುವ ‘ಕಿವಿ ಮೆಷಿನ್’ ಬೇಡ. ಅದು ಎಲ್ಲವನ್ನೂ ಒಂದೇ ಸಮನೆ ಕೂಗಿಸುತ್ತದೆ.

ಇನ್ನು ಬ್ಯಾಟರಿ. ನಿಮ್ಮದು ಸಣ್ಣ ಜಿಂಕ್ ಬ್ಯಾಟರಿಯ ಸಾಧನವಾದರೆ ಮನೆಯಿಂದ ಹೊರಡುವಾಗಲೇ ಹೊಸದು ಹಾಕಿ. ಬಣ್ಣದ ಪಟ್ಟಿ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಇಟ್ಟು ಆಮೇಲೆ ಒಳಗೆ ಹಾಕಿ, ಗಾಳಿ ಸೇರಿದರೆ ತಾನೆ ಅದಕ್ಕೆ ಜೀವ. ದ್ರೌಪದಿ ಸಭೆಯ ನಡುವೆ ನಿಂತು ಪ್ರಶ್ನೆ ಕೇಳುವ ಹೊತ್ತಿಗೆ ಕಿವಿಯಲ್ಲಿ ‘ಟುಂಯ್ ಟುಂಯ್’ ಎಂದು ಬ್ಯಾಟರಿ ಮುಗಿದ ಸೂಚನೆ ಬಂದು, ಕತ್ತಲಲ್ಲಿ ಕಾಳಿನಷ್ಟು ದೊಡ್ಡದನ್ನು ನೆಲದ ಮೇಲೆ ಹುಡುಕಿದವರನ್ನು ನಾನು ಬಲ್ಲೆ. ಮಳೆಗಾಲದಲ್ಲಿ ರಾತ್ರಿ ಸಾಧನವನ್ನು ತೇವ ಹೀರುವ ಹರಳಿನ ಡಬ್ಬಿಯಲ್ಲಿಡಿ.

ಯಾವ ನಾಟಕ ಎಂಬುದೂ ಮುಖ್ಯ. ಮೊದಲ ಸಲಕ್ಕೆ ಅವರು ಚಿಕ್ಕಂದಿನಲ್ಲಿ ನೋಡಿದ ಕುರುಕ್ಷೇತ್ರದಂತಹ ಪೌರಾಣಿಕ ನಾಟಕವನ್ನೇ ಆರಿಸಿ. ಮಾತು ನಿಧಾನ, ಒಬ್ಬರಾದ ಮೇಲೆ ಒಬ್ಬರು ಮಾತನಾಡುತ್ತಾರೆ, ಕಥೆ ಗೊತ್ತು. ಹೊಸ ನಾಟಕಗಳಲ್ಲಿ ನಟರು ಬೆನ್ನು ತಿರುಗಿಸುತ್ತಾರೆ, ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಾರೆ, ಮಾತಿನ ಹಿಂದೆಯೇ ಹಿನ್ನೆಲೆ ಸಂಗೀತ. ಎಲ್ಲಕ್ಕಿಂತ ಕಷ್ಟ ಹಾಸ್ಯ ನಾಟಕ, ಏಕೆಂದರೆ ಒಂದು ಮಾತಿಗೆ ಜನ ನಗುವ ಸದ್ದಿನಲ್ಲೇ ಮುಂದಿನ ಮಾತು ಹೋಗಿಬಿಟ್ಟಿರುತ್ತದೆ. ಇಷ್ಟಾದರೂ ಧ್ವನಿಗೆ ತರಬೇತಿ ಪಡೆದ ನಟರ ತಂಡ ಬಂದಾಗ ತಪ್ಪಿಸಬೇಡಿ. ಹೆಗ್ಗೋಡಿನ ನೀನಾಸಂ ತನ್ನ ತಿರುಗಾಟವನ್ನು 1985ರಲ್ಲಿ ಆರಂಭಿಸಿತು. ಸಾಣೇಹಳ್ಳಿಯ ಶಿವಸಂಚಾರವೂ ಹಾಗೆಯೇ ಊರೂರು ಸುತ್ತುತ್ತದೆ. ಯಾವ ನಾಟಕ ಎಂದು ಮೊದಲೇ ತಿಳಿಯುವುದರಿಂದ ಹಿಂದಿನ ದಿನ ಊಟದ ಹೊತ್ತಿಗೆ ಕಥೆಯನ್ನು, ಪಾತ್ರಗಳ ಹೆಸರನ್ನು ಅಮ್ಮನಿಗೆ ಹೇಳಿಬಿಡಿ. ಕುತೂಹಲ ಹೋಗುವುದೆಂಬ ಅಂಜಿಕೆ ಬೇಡ. ಹೆಸರು ಗೊತ್ತಿದ್ದರೆ ಅರ್ಧ ಕೇಳಿದ ಪದವನ್ನು ಮಿದುಳು ತಾನೇ ಪೂರ್ತಿ ಮಾಡಿಕೊಳ್ಳುತ್ತದೆ. ನನ್ನ ಅನುಭವದಲ್ಲಿ ಇದರಷ್ಟು ಅಗ್ಗದ ಚಿಕಿತ್ಸೆ ಬೇರೊಂದಿಲ್ಲ.

ಸ್ಪೀಕರ್‌ನಿಂದ ಉಳಿದ ಕಿವಿ ಹಾಳಾಗುವುದೆ ಎಂಬ ಭಯಕ್ಕೆ ಬರೋಣ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಯವರೆಗೆ ತಾಳಬಹುದು ಎಂಬುದು ಸಾಮಾನ್ಯವಾಗಿ ಬಳಸುವ ಅಳತೆ, ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧಕ್ಕಿಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದೇ ಗಂಟೆ. ಎರಡು ಗಂಟೆಯ ನಾಟಕ ನಡುಸಾಲಿನಲ್ಲಿ ಕುಳಿತವರಿಗೆ ಅಪಾಯ ತರುವುದು ಅಪರೂಪ. ರಾತ್ರಿಯಿಡೀ ನಡೆಯುವ ನಾಟಕದಲ್ಲಿ ಸ್ಪೀಕರ್ ಪೆಟ್ಟಿಗೆಯ ಮುಂದೆ ಕುಳಿತರೆ ಮಾತ್ರ ಲೆಕ್ಕ ಬೇರೆ, ಅದು ನಿಮ್ಮ ತಮ್ಮನ ಕಿವಿಗೂ ಒಳ್ಳೆಯದಲ್ಲ. ಸರಿಯಾಗಿ ಹೊಂದಿಸಿದ ಸಾಧನಕ್ಕೆ ಒಂದು ಮೇಲ್ಮಿತಿ ಇರುತ್ತದೆ, ಅದರಾಚೆಗೆ ಅದು ಏರಿಸುವುದಿಲ್ಲ. ‘ಮೆಷಿನ್ ಹಾಕಿದರೆ ಕಿವಿ ಇನ್ನೂ ಮಂದವಾಗುತ್ತದೆ’ ಎಂಬ ಮಾತು ಹುಟ್ಟಿದ್ದು ಅಳತೆಯಿಲ್ಲದೆ ಕೊಂಡ ಮೆಷಿನ್‌ಗಳಿಂದ, ಮತ್ತು ವಯಸ್ಸಿನ ಜೊತೆ ಹೇಗಿದ್ದರೂ ಇಳಿಯುವ ಶ್ರವಣದಿಂದ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಆ ದಿನದ ಜಾಗ ಸದ್ದಿಗೆ ತೀರಾ ಹತ್ತಿರವಾಗಿತ್ತು ಎಂದರ್ಥ.

ಬೆಳ್ಳುಳ್ಳಿ ಎಣ್ಣೆಯನ್ನು ಒಗ್ಗರಣೆಗೆ ಇಟ್ಟುಕೊಳ್ಳಿ. ಅದು ಕಿವಿಯ ತಮಟೆಯನ್ನು ದಾಟಿ ಒಳಗಿವಿಗೆ ಹೋಗುವುದಿಲ್ಲ, ತಮಟೆಯಲ್ಲಿ ತೂತಿದ್ದು ದಾಟಿದರೆ ಕೀವು, ಸೋಂಕು. ಗುಗ್ಗೆ ಕಟ್ಟಿಕೊಂಡಿದೆಯೇ ಎಂದು ಮಾತ್ರ ನೋಡಿಸಿ. ಸಾಧನ ಹಾಕುವವರಿಗೆ ಗುಗ್ಗೆ ಒಳಗೆ ತಳ್ಳಿಕೊಂಡು ಹೋಗುವುದು ಸಾಮಾನ್ಯ, ತೆಗೆಸಿದ ದಿನವೇ ‘ಹೊಸ ಕಿವಿ ಬಂತು’ ಎನ್ನುವವರಿದ್ದಾರೆ.

ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ, ತಲೆ ತಿರುಗಿದರೆ, ಕಿವಿ ಸೋರಿದರೆ ನಾಟಕದ ಮಾತು ಆಮೇಲೆ. ದಿಢೀರನೆ ಹೋದ ಶ್ರವಣಕ್ಕೆ ಮೊದಲ ಕೆಲವೇ ದಿನಗಳಲ್ಲಿ ಚಿಕಿತ್ಸೆ ಶುರುವಾಗಬೇಕು, ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಿ. ಇಂತಹದೇನೂ ಇಲ್ಲದಿದ್ದರೂ ಎರಡು ವರ್ಷವಾಗಿದೆಯಲ್ಲ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಹಾಸನದಲ್ಲೇ ಆಗುತ್ತದೆ. ವಿವರವಾಗಿ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ನಾನೂ ಅಲ್ಲಿಯೇ ಕಲಿತವನು. ಬರೀ ಪೀಪಿಯ ಸದ್ದಿನ ಪರೀಕ್ಷೆಗೆ ತೃಪ್ತರಾಗದೆ, ಗದ್ದಲದ ನಡುವೆ ಮಾತು ಎಷ್ಟು ತಿಳಿಯುತ್ತದೆ ಎಂಬ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಒಂದು ಮಾತು ಮುಚ್ಚಿಡುವುದಿಲ್ಲ: ಆ ಪರೀಕ್ಷೆಯಲ್ಲಿ ಅಂಕ ತೀರಾ ಕಡಿಮೆ ಬಂದರೆ ಒಳ್ಳೆಯ ಜಾಗ, ಒಳ್ಳೆಯ ಸಾಧನ ಎರಡೂ ಸೇರಿದರೂ ನಾಟಕದ ಪೂರ್ತಿ ಮಾತು ದಕ್ಕುವುದಿಲ್ಲ. ಮುಕ್ಕಾಲು ಪಾಲು ದಕ್ಕಿದರೆ ಗೆದ್ದಂತೆ. ಅದು ಅವರಿಗೆ ಸಾಕೇ ಎಂಬುದನ್ನು ಅವರೇ ಹೇಳಲಿ, ನೀವೂ ತಮ್ಮನೂ ಸೇರಿ ತೀರ್ಮಾನಿಸಬೇಡಿ.

ಯೂಟ್ಯೂಬ್ ಇರಲಿ, ಅದೂ ಒಳ್ಳೆಯದೇ. ಹಾಡು ಕಲಿಯಲು, ಕಥೆ ನೆನಪು ಮಾಡಿಕೊಳ್ಳಲು ಹಿಂದಿನ ದಿನ ತೋರಿಸಿ. ಆದರೆ ಅಲ್ಲಿ ಪಕ್ಕದ ಕುರ್ಚಿಯವರು ‘ಯಾವೂರಮ್ಮ ನಿಮ್ಮದು?’ ಎಂದು ಕೇಳುವುದಿಲ್ಲ, ‘ಒನ್ಸ್ ಮೋರ್’ ಎಂದರೆ ಯಾರೂ ಮತ್ತೆ ಹಾಡುವುದಿಲ್ಲ.

ಮುಂದಿನ ಸಲ ಹೋದಾಗ ಮೊದಲ ದೃಶ್ಯ ಮುಗಿದೊಡನೆ ‘ಕೇಳುತ್ತಿದೆಯಾ ಅಮ್ಮಾ?’ ಎಂದು ವಿಚಾರಿಸಬೇಡಿ. ‘ಹ್ಞೂಂ’ ಎನ್ನುತ್ತಾರೆ, ನಿಮಗೆ ಬೇಸರವಾಗಬಾರದೆಂದು. ಕಥೆಯ ಪ್ರಶ್ನೆಯೂ ಬೇಡ, ಮಹಾಭಾರತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ‘ಆ ಶಕುನಿ ನಡುವೆ ಏನೋ ತಮಾಷೆ ಮಾಡಿದನಲ್ಲ, ಏನಮ್ಮ ಅದು?’ ಎಂದು ಕೇಳಿ. ಸರಿಯಾಗಿ ಹೇಳಿದರೆ ಅಲ್ಲೇ ಕೂರಿ. ತಡವರಿಸಿದರೆ ಮಧ್ಯಂತರದಲ್ಲಿ ಎರಡು ಸಾಲು ಹಿಂದಕ್ಕೋ ಎರಡು ಕುರ್ಚಿ ಆಚೆಗೋ ಸರಿದು ನೋಡಿ.